ನಾನಿದ್ದರೆ ಐಸು, ನಾನು ಹೋದರೆ ನೀರು

ಎಪ್ಪತ್ನಾಲ್ಕೋ ಎಪ್ಪತ್ತೈದೋ ಇಸವಿ ಇರಬೇಕು. ವರ್ಷ ತಪ್ಪಿದ್ದರೂ ತಪ್ಪಿರಬಹುದು, ಮಾಗಿಯ ಚಳಿ ಇತ್ತೆಂಬುದು ಮಾತ್ರ ತಪ್ಪಿಲ್ಲ. ಆಗ ನಾನು ಮಂಡ್ಯದಲ್ಲಿ ಫ್ರಿಜ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಐ.ಟಿ.ಐ.ನಲ್ಲಿ ಕಲಿತು, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲವು ವರ್ಷ ಸರ್ವಿಸ್ ಮೆಕ್ಯಾನಿಕ್ ಆಗಿ ದುಡಿದು, ಮೇಲಿನವರ ಬೈಗುಳ ಸಾಕಾಗಿ ಊರಿಗೆ ಮರಳಿದವನು ನಾನು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ಕಡೆ ಮನೆಯಲ್ಲಿ ಫ್ರಿಜ್ ಇದ್ದವರು ಆಗ ಎಣಿಸುವಷ್ಟೇ ಜನ. ಡಾಕ್ಟರುಗಳು, ಸಕ್ಕರೆ ಕಾರ್ಖಾನೆಯ ಆಫೀಸರುಗಳು, ಬ್ಲಫ್ ಎನ್ನುವ ಊರಿನ ಕ್ವಾರ್ಟರ್ಸಿನಲ್ಲಿದ್ದ ಪವರ್ ಹೌಸಿನ ಇಂಜಿನಿಯರುಗಳು, ಮದ್ದೂರಿನ ಒಂದೆರಡು ಕೂಲ್ ಡ್ರಿಂಕ್ಸ್ ಅಂಗಡಿ. ಯಾರ ಮನೆಯ ಫ್ರಿಜ್ ಯಾವ ಸದ್ದು ಮಾಡುತ್ತದೆ ಎನ್ನುವುದು ನನಗೆ ಮಲಗಿದ್ದಲ್ಲೇ ಗೊತ್ತಿತ್ತು.

ಆ ಕಾಲದಲ್ಲಿ ಫ್ರಿಜ್‌ಗೆ ಏನೇ ಆಗಲಿ, ಮನೆಯವರು ಹೇಳುತ್ತಿದ್ದುದು ಒಂದೇ ಮಾತು: "ಗ್ಯಾಸ್ ಹೋಗಿದೆ." ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಗ್ಯಾಸ್ ಹೋಗಿದೆ, ಪ್ಲಗ್ಗೇ ಹಾಕಿರದಿದ್ದರೂ ಗ್ಯಾಸ್ ಹೋಗಿದೆ. ಯಾರು ಹೇಳಿಕೊಟ್ಟಿದ್ದರೋ! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಫೋನ್ ಇರಲಿಲ್ಲ. ಎದುರಿನ ಮೆಡಿಕಲ್ ಸ್ಟೋರಿಗೆ ಬರುತ್ತಿತ್ತು, ಅವರು ಕೂಗುತ್ತಿದ್ದರು. ಒಂದು ಸಂಜೆ ಹಾಗೆ ಕೂಗಿದಾಗ ಓಡಿಹೋಗಿ ಎತ್ತಿಕೊಂಡೆ. ಮಳವಳ್ಳಿಯಿಂದ ಡಾಕ್ಟರ್ ಸೋಮಶೇಖರ್. ಅವರು ದನದ ಡಾಕ್ಟರು. ಅವರ ಫ್ರಿಜ್ಜನ್ನು ಕೊಡಿಸಿ, ನಿಲ್ಲಿಸಿ ಬಂದವನೂ ನಾನೇ.

"ರಹೀಮ್, ಫ್ರಿಜ್ ಓಡ್ತಾನೇ ಇದೆ. ಆದ್ರೆ ಫ್ರೀಜರ್‌ನಲ್ಲಿ ಇಟ್ಟ ನೀರು ನೀರಾಗೇ ಇದೆ" ಎಂದರು.

"ಗ್ಯಾಸ್ ಹೋಗಿದೆ ಅಂತೀರಾ ಡಾಕ್ಟ್ರೇ?" ಎಂದು ನಾನು ಸ್ವಲ್ಪ ಕುಚೋದ್ಯ ಮಾಡಿದೆ.

ಅವರು ನಗಲಿಲ್ಲ. "ಏನು ಹೋಗಿದ್ಯೋ ನಂಗೊತ್ತಿಲ್ಲ. ದೊಡ್ಡರೋಗದ ಲಸಿಕೆ ಅದರೊಳಗಿದೆ. ನಾಳೆ ಮೊದಲ ಬಸ್ಸಿಗೇ ಬನ್ನಿ."

ದೊಡ್ಡರೋಗ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುತ್ತಾರೆ. ದನಕ್ಕೆ ಜ್ವರ ಬರುತ್ತದೆ, ಬಾಯಿ ಹುಣ್ಣಾಗುತ್ತದೆ, ಭೇದಿ ಹತ್ತುತ್ತದೆ, ಕೆಲವೇ ದಿನಗಳಲ್ಲಿ ಕೊಟ್ಟಿಗೆ ಖಾಲಿ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಹಾಕಬೇಕು. ಆ ಲಸಿಕೆ ಪುಡಿಯ ರೂಪದಲ್ಲಿ ಪುಟ್ಟ ಬಾಟಲಿಗಳಲ್ಲಿ ಬರುತ್ತಿತ್ತು. ಅದನ್ನು ಫ್ರೀಜರ್‌ನಲ್ಲೇ ಇಡಬೇಕು. ಹಳ್ಳಿಗೆ ಒಯ್ಯುವಾಗ ಸುತ್ತ ಐಸು ತುಂಬಬೇಕು, ಅಲ್ಲಿ ತಣ್ಣಗಿನ ಸಲೈನಿನಲ್ಲಿ ಕಲಸಿದ ಮೇಲೆ ಬಿಸಿಲೇರುವ ಮೊದಲು ಚುಚ್ಚಿ ಮುಗಿಸಬೇಕು. ತಂಪು ತಪ್ಪಿದರೆ ಲಸಿಕೆ ಸತ್ತಂತೆ. ಡಾಕ್ಟರ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ: ಸತ್ತ ಲಸಿಕೆಯೂ ಕಣ್ಣಿಗೆ ಒಳ್ಳೆಯ ಲಸಿಕೆಯಂತೆಯೇ ಕಾಣುತ್ತದೆ. ಅದನ್ನು ಚುಚ್ಚಿಬಿಟ್ಟರೆ ರೈತ ತನ್ನ ದನ ಉಳಿಯಿತೆಂದು ನಂಬಿ ಕೂರುತ್ತಾನೆ.

ಮಳವಳ್ಳಿಯ ಆಚೆ ಕಾಡಂಚಿನ ಎರಡು ಹಳ್ಳಿಗಳಲ್ಲಿ ರೋಗ ಕಾಣಿಸಿಕೊಂಡಿತ್ತು. ದನದ ಆಸ್ಪತ್ರೆ ನಡೆಯುತ್ತಿದ್ದುದು ಬಾಡಿಗೆಯ ಹಳೇ ಕಟ್ಟಡದಲ್ಲಿ. ಅಲ್ಲಿ ಫ್ರಿಜ್ ಇಡುವ ಅನುಕೂಲವಿರಲಿಲ್ಲ. ಹಾಗಾಗಿ ಡಾಕ್ಟರು ಲಸಿಕೆಯನ್ನು ತಮ್ಮ ಮನೆಯ ಫ್ರಿಜ್‌ನಲ್ಲೇ ಇಟ್ಟುಕೊಂಡಿದ್ದರು.

ಮರುದಿನ ಬೆಳಗ್ಗೆ ಮಳವಳ್ಳಿಯಲ್ಲಿ ಇಳಿದೆ. ಡಾಕ್ಟರು ಇದ್ದುದು ಚಿಕ್ಕತಾಯಮ್ಮ ಎನ್ನುವ ವಿಧವೆಯ ಮನೆಯಲ್ಲಿ. ಮುಂದಿನ ಎರಡು ಕೋಣೆ ಇವರಿಗೆ ಬಾಡಿಗೆ. ಹಿಂದೆ ಅಡುಗೆಮನೆ, ಅದರಾಚೆ ರೇಷ್ಮೆ ಹುಳು ಸಾಕುವ ಕೋಣೆ. ಅದಕ್ಕೆ ಅಲ್ಲಿಯವರು ಹುಳದ ಮನೆ ಎನ್ನುತ್ತಾರೆ. ಮೂರು ಪಿನ್ನಿನ ದೊಡ್ಡ ಪ್ಲಗ್ ಇದ್ದುದು ನಡುಮನೆಯ ಮೂಲೆಯಲ್ಲಿ ಮಾತ್ರ, ಹಾಗಾಗಿ ಫ್ರಿಜ್ಜೂ ಅಲ್ಲೇ. ಡಾಕ್ಟರ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದರು. ಚಿಕ್ಕತಾಯಮ್ಮ ಡಾಕ್ಟರಿಗೆ ಹೊತ್ತು ಹೊತ್ತಿಗೆ ಮುದ್ದೆ ಮಾಡಿಹಾಕಿ, ಬೈದು, ಉಣ್ಣಿಸಿ ಮಗನಂತೆ ನೋಡಿಕೊಳ್ಳುತ್ತಿದ್ದರು.

ನಾನು ಹೋಗುವಷ್ಟರಲ್ಲಿ ನಡುಮನೆ ಗುಡಿಸಿ ಸಾರಿಸಿ ಆಗಿತ್ತು. ಫ್ರಿಜ್ಜನ್ನು ಮೂಲೆಯಿಂದ ವೈರು ಮುಟ್ಟುವಷ್ಟು ಎಳೆದು ಮಧ್ಯಕ್ಕೆ ತಂದು, ಮುಂದೆ ಹಿಂದೆ ಒರೆಸಿ, ಹೆಣ್ಣು ತೋರಿಸುವವರ ಹಾಗೆ ನಿಲ್ಲಿಸಿದ್ದರು. ನಾನು ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ಚಿಕ್ಕತಾಯಮ್ಮ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಸರಸರನೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ನನಗೆ ಇದು ಹೊಸದಾಗಿರಲಿಲ್ಲ. ಕೆಲವು ಮನೆಗಳಲ್ಲಿ ನಾನು ಬರುವ ಮುಂಚೆ ನೀರಿನ ಕೊಡ ಒಳಗೆ ಹೋಗುತ್ತಿತ್ತು. ನಾನು ಹೋದ ಮೇಲೆ ನಾನು ನಿಂತ ಜಾಗಕ್ಕೆ ನೀರು ಬೀಳುತ್ತಿತ್ತು. ನೋಡಿಯೂ ನೋಡದವನಂತೆ ಇರುವುದನ್ನು ಸ್ಪ್ಯಾನರ್ ಹಿಡಿಯುವುದರ ಜೊತೆಗೇ ಕಲಿತಿದ್ದೆ. ಆದರೂ ಪ್ರತಿ ಸಲ ಮನಸ್ಸಿಗೆ ಚುಚ್ಚುತ್ತಿತ್ತು, ಅವತ್ತೂ ಚುಚ್ಚಿತು. ಆಮೇಲೆ ಅದೇ ಚಿಕ್ಕತಾಯಮ್ಮ ಮನೆಯ ಲೋಟದಲ್ಲೇ ಕಾಫಿ ತಂದು ಕೈಗೆ ಕೊಟ್ಟಾಗ ಏನೂ ಅರ್ಥವಾಗಲಿಲ್ಲ. ಕೇಳುವ ವಿಷಯವೂ ಅದಲ್ಲ. ಸುಮ್ಮನೆ ಕೆಲಸಕ್ಕೆ ಕೂತೆ.

ಓಡುವ ಫ್ರಿಜ್ ಹೆಪ್ಪುಗಟ್ಟಿಸದಿದ್ದರೆ ನೋಡುವ ಕ್ರಮ ಒಂದಿದೆ. ಮೊದಲು ವೋಲ್ಟೇಜು. ಆಲೆಮನೆ, ಪಂಪ್‌ಸೆಟ್ಟು ಒಟ್ಟಿಗೆ ಶುರುವಾದರೆ ನಮ್ಮ ಕಡೆ ಕರೆಂಟು ಇಳಿದುಬಿಡುತ್ತದೆ. ಮೀಟರ್ ಹಿಡಿದೆ, ಸ್ಟೆಬಿಲೈಸರ್ ತನ್ನ ಕೆಲಸ ಮಾಡುತ್ತಿತ್ತು. ಆಮೇಲೆ ಬಾಗಿಲಿನ ರಬ್ಬರು, ಅಂದರೆ ಗ್ಯಾಸ್ಕೆಟ್ಟು. ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಅದು ಸುಲಭವಾಗಿ ಜಾರಬಾರದು. ನಾಲ್ಕೂ ಕಡೆ ಬಿಗಿಯಾಗಿತ್ತು. ಥರ್ಮೋಸ್ಟಾಟ್, ಅಂದರೆ ತಂಪು ಎಷ್ಟು ಬೇಕೆಂದು ತಿರುಗಿಸುವ ಗುಂಡಿ, ಅದೂ ಸರಿ. ಕೊನೆಗೆ ಗ್ಯಾಸು. ಬೆಸುಗೆ ಇದ್ದಲ್ಲೆಲ್ಲ ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಏಳಲಿಲ್ಲ. ಹಲೈಡ್ ಟಾರ್ಚ್ ಹಚ್ಚಿ ಪೈಪಿನುದ್ದಕ್ಕೂ ಆಡಿಸಿದೆ. ಗ್ಯಾಸ್ ಸೋರುತ್ತಿದ್ದರೆ ಅದರ ಉರಿ ಹಸಿರಾಗುತ್ತದೆ. ಆಗಲಿಲ್ಲ.

ಟ್ರೇಯಲ್ಲಿ ನೀರಿಟ್ಟು ಕಾದೆ. ಮಧ್ಯಾಹ್ನ ಊಟದ ಹೊತ್ತಿಗೆ ನೀರಿನ ಮೇಲೆ ಪದರ ಕಟ್ಟಿತು, ಸಂಜೆಯಷ್ಟರಲ್ಲಿ ಕಲ್ಲಿನಂಥ ಐಸು. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಯವರೆಗೆ ಫ್ಲಾಸ್ಕಿಗೆ ಎತ್ತಿಟ್ಟಿದ್ದ ಲಸಿಕೆಯ ಬಾಟಲಿಗಳನ್ನು ತಾವೇ ಒಂದೊಂದಾಗಿ ಫ್ರೀಜರ್‌ನಲ್ಲಿಟ್ಟರು. ಏನು ಕೆಟ್ಟಿತ್ತು ಎಂದು ಕೇಳಿದರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು? "ವೋಲ್ಟೇಜ್ ಇರಬೇಕು" ಎಂದು ಗೊಣಗಿದೆ. ಹೀಗೆ ತಾನಾಗಿ ಸರಿಹೋಗುವ ರೋಗ ನನಗೆ ಎಂದೂ ಹಿಡಿಸಿದ್ದಲ್ಲ. ಬಸ್ಸಿನಲ್ಲಿ ಕೂತು ಮಂಡ್ಯ ಬರುವವರೆಗೂ ಅದೇ ಕೊರೆಯುತ್ತಿತ್ತು.

ಮರುದಿನವೇ ಮೆಡಿಕಲ್ ಸ್ಟೋರಿನವರು ಕೂಗಿದರು.

"ರಹೀಮ್, ಮತ್ತೆ ನೀರು." ಡಾಕ್ಟರ ದನಿ ಸಣ್ಣಗಾಗಿತ್ತು.

ಈ ಸಲ ಗ್ಯಾಸ್ ಸಿಲಿಂಡರು, ಗೇಜು ಎಲ್ಲ ಹೊತ್ತು ಹೊರಟೆ. ಮದ್ದೂರಿನಲ್ಲಿ ಬಸ್ ನಿಂತಾಗ ಪರಿಚಯದ ಕೂಲ್ ಡ್ರಿಂಕ್ಸ್ ಅಂಗಡಿಯಿಂದ ಐಸಿನ ತುಂಡೊಂದನ್ನು ಮರದ ಹೊಟ್ಟು ಹಾಕಿ ಗೋಣಿಯಲ್ಲಿ ಸುತ್ತಿಸಿಕೊಂಡೆ. ಮಳವಳ್ಳಿ ಮುಟ್ಟುವಷ್ಟರಲ್ಲಿ ಅದು ಅರ್ಧಕ್ಕರ್ಧ ಕರಗಿ ನನ್ನ ಪ್ಯಾಂಟನ್ನು ನೆನೆಸಿತ್ತು. ಡಾಕ್ಟರು ಬಾಗಿಲಲ್ಲೇ ಅದನ್ನು ಇಸಿದುಕೊಂಡು, ಒಡೆದು ಫ್ಲಾಸ್ಕಿಗೆ ತುಂಬಿ, ಬಾಟಲಿಗಳನ್ನು ಅದರೊಳಗಿಟ್ಟರು. ಅವುಗಳಲ್ಲಿ ಕೆಲವನ್ನು ಬೇರೆ ಇಟ್ಟರು. ರಾತ್ರಿ ಫ್ರೀಜರ್ ಬೆಚ್ಚಗಾದಾಗ ಬಾಗಿಲ ಹತ್ತಿರವಿದ್ದ ಬಾಟಲಿಗಳಂತೆ ಅವು. ಅವರಿಗೆ ಅವುಗಳ ಮೇಲೆ ನಂಬಿಕೆ ಹೋಗಿತ್ತು.

"ನಾಳೆ ಬೆಳಗ್ಗೆ ಕ್ಯಾಂಪು. ಎರಡು ಊರಿಗೂ ಡಂಗುರ ಹೊಡೆಸಿಯಾಗಿದೆ. ಕಾಡಿಗೆ ಬಿಡದೆ ದನ ಕಟ್ಟಿಹಾಕ್ಕೊಂಡು ಕಾಯ್ತಿದಾರೆ. ಐಸಿಲ್ಲದೆ ನಾನು ಏನು ಹಿಡ್ಕೊಂಡು ಹೋಗ್ಲಿ?" ಎಂದರು.

ಚಿಕ್ಕತಾಯಮ್ಮ ಕಂಬಕ್ಕೊರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಸಿವಮ್ಮನ ಊರ್ಗೆ ಮೊದ್ಲು ಓಗ್ಬುಡಪ್ಪಾ" ಎಂದರು. ಅವರ ಒಬ್ಬಳೇ ಮಗಳು ಶಿವಮ್ಮನನ್ನು ಆ ಎರಡು ಊರುಗಳಲ್ಲಿ ಒಂದಕ್ಕೆ ಕೊಟ್ಟಿದ್ದರು. ಮಗಳ ಮನೆಯಲ್ಲಿ ಒಂದು ಜೊತೆ ಎತ್ತು, ಒಂದು ಹಸು. ಉಳುವುದಕ್ಕೆ, ಗಾಡಿಗೆ, ಹಾಲಿಗೆ ಎಲ್ಲ ಅವೇ. "ಅಮ್ಮ, ಯಾವಾಗ ಬತ್ತಾರಂತೆ ಡಾಕ್ಟ್ರು ಅಂತ ದಿನಾ ಯೋಳಿ ಕಳುಸ್ತಾಳೆ ಮಗಾ" ಎಂದರು.

ಫ್ರಿಜ್ ಹಿಂದಿನ ಸಲದಂತೆಯೇ ನಡುಮನೆಯ ಮಧ್ಯದಲ್ಲಿ ಒರೆಸಿಕೊಂಡು ನಿಂತಿತ್ತು. ನಾನು ಬಂದಾಗ ಚಿಕ್ಕತಾಯಮ್ಮ ಮತ್ತೆ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಹೋಗಿ ಬಂದದ್ದನ್ನೂ ನೋಡಿದ್ದೆ.

"ರಹೀಮ್, ಗ್ಯಾಸ್ ತುಂಬಿಬಿಡಿ" ಎಂದರು ಡಾಕ್ಟರು. ಕೊನೆಗೂ ಅವರ ಬಾಯಲ್ಲೂ ಅದೇ ಮಾತು.

ಗ್ಯಾಸ್ ತುಂಬುವುದೆಂದರೆ ಸೈಕಲ್ಲಿಗೆ ಗಾಳಿ ಹೊಡೆದಂತಲ್ಲ. ಮನೆಯ ಫ್ರಿಜ್ಜಿನ ಕಂಪ್ರೆಸರು, ಪೈಪು ಎಲ್ಲ ಬೆಸೆದು ಮುಚ್ಚಿದ ಒಂದೇ ದೇಹ. ಗ್ಯಾಸ್ ತುಂಬಬೇಕಾದರೆ ಪೈಪು ಕತ್ತರಿಸಬೇಕು, ಒಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಪೂರ್ತಿ ತೆಗೆಯಬೇಕು, ಆಮೇಲೆ ತುಂಬಿ ಬೆಸೆಯಬೇಕು. ಪಂಪು ಇದ್ದುದು ಮಂಡ್ಯದಲ್ಲಿ. ಅಂದರೆ ಕತ್ತರಿಸಿದ ಮೇಲೆ ಫ್ರಿಜ್ಜನ್ನು ಲಾರಿಗೆ ಹಾಕಬೇಕು, ಕ್ಯಾಂಪು ತಪ್ಪಿದಂತೆಯೇ. ಪಂಪಿಲ್ಲದೆ ಇಲ್ಲೇ ತುಂಬಿದರೆ ಒಂದು ಹನಿ ತೇವ ಸೂಜಿಯಷ್ಟು ಸಣ್ಣ ಪೈಪಿನಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟಿಬಿಡುತ್ತದೆ.

"ಡಾಕ್ಟ್ರೇ, ನೀವು ಹಸುಗೆ ಏನಾಗಿದೆ ಅಂತ ನೋಡ್ದೇ ಹೊಟ್ಟೆ ಕೊಯ್ತೀರಾ?" ಎಂದೆ.

"ಹಸು ಸಾಯ್ತಾ ಇದ್ರೆ ಕೊಯ್ತೀನಿ" ಎಂದರು.

ಡಾಕ್ಟರು ಸಲೈನು, ಸಿರಿಂಜು ಹೊಂದಿಸಲು ಆಸ್ಪತ್ರೆಗೆ ಹೋದರು. "ಸಂಜೆ ಬರೋಷ್ಟ್ರಲ್ಲಿ ಏನಾದ್ರೂ ಒಂದು ಮಾಡಿ" ಎಂದಷ್ಟೇ ಹೇಳಿ ಹೋದರು. ನಾನು ಕಟ್ಟರ್ ಹಿಡಿದು ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕತ್ತರಿಸಿದರೂ ತಪ್ಪು, ಸುಮ್ಮನಿದ್ದರೂ ತಪ್ಪು. ಅಷ್ಟರಲ್ಲಿ ಒಳಗಿಟ್ಟಿದ್ದ ನೀರು ನನ್ನನ್ನು ಅಣಕಿಸುವಂತೆ ಪದರ ಕಟ್ಟತೊಡಗಿತ್ತು. ಗ್ಯಾಸ್ ಹೋದ ಫ್ರಿಜ್ ನಾನು ಬಂದೆನೆಂದು ಮರ್ಯಾದೆಗೆ ಐಸು ಮಾಡುತ್ತದೆಯೇ? ನಾನಿದ್ದರೆ ಐಸು, ನಾನು ಹೋದರೆ ನೀರು. ಹಾಗಾದರೆ ನಾನು ಹೋದ ಮೇಲೆ ಇಲ್ಲಿ ಏನೋ ಬದಲಾಗುತ್ತಿದೆ.

ಕಟ್ಟರ್ ಕೆಳಗಿಟ್ಟು ಹಿಂಬದಿಯ ಕಂಡೆನ್ಸರನ್ನು ಕಣ್ಣಿಟ್ಟು ನೋಡಿದೆ. ಫ್ರಿಜ್ಜಿನ ಬೆನ್ನಿಗಿರುವ ಕಪ್ಪು ತಂತಿಜಾಲರಿಯೇ ಕಂಡೆನ್ಸರು. ಒಳಗಿನ ಶಾಖವನ್ನು ಫ್ರಿಜ್ ಅದರ ಮೂಲಕ ಹೊರಗೆ ಹಾಕುತ್ತದೆ. ಅದರ ಮೇಲ್ತುದಿಯ ತಂತಿಗೆ ಕರಿಯ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಎದ್ದು ಫ್ರಿಜ್ ನಿಲ್ಲುತ್ತಿದ್ದ ಮೂಲೆಗೆ ಹೋದೆ. ಗೋಡೆಯಲ್ಲಿ ನೆಲಕ್ಕೆ ಸಮೀಪ ಹಳೆಯ ಮನೆಗಳಲ್ಲಿರುವಂಥ ಗೂಡು ಇತ್ತು, ಖಾಲಿ. ಅದರ ಕೆಳಗೆ ನೆಲ ಒದ್ದೆ. ಸಾರಿಸಿದ ಒದ್ದೆಯಲ್ಲ, ಗೋಣಿಚೀಲದ ನೇಯ್ಗೆ ಅಚ್ಚೊತ್ತಿದ ಒದ್ದೆ.

"ಅಮ್ಮ, ಈ ಮೂಲೇಲಿ ಏನಾದ್ರೂ ಇಡ್ತೀರಾ?" ಎಂದು ಕೇಳಿದೆ.

"ಏನಿಲ್ಲ ಕಣಪ್ಪಾ. ಏನಿಡಾನೆ ಅಲ್ಲಿ?" ಎಂದು ಚಿಕ್ಕತಾಯಮ್ಮ ಮುಖ ತಿರುಗಿಸಿಕೊಂಡು ಒಲೆಯ ಕಡೆ ಹೋದರು. ಇನ್ನೊಂದು ಸಲ ಕೇಳಬಹುದಿತ್ತು. ಆದರೆ ನನ್ನ ನೆರಳು ತಾಕದಿರಲೆಂದು ಏನನ್ನೋ ಎತ್ತಿಡುವ ಮನೆಯಲ್ಲಿ ಅದು ಏನೆಂದು ಕೆದಕಿ ಕೇಳಲು ನನಗೆ ಅಭಿಮಾನ ಅಡ್ಡ ಬಂತು.

ಫ್ರಿಜ್ಜನ್ನು ಅದರ ಜಾಗಕ್ಕೆ ನೂಕಿದೆ. "ಐಸು ಕಟ್ತಾ ಅದೆ ಅಮ್ಮ, ನಾ ಬತ್ತೀನಿ" ಎಂದು ಊರಿಗೆ ಹೊರಟವನಂತೆ ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು ಚಹಾ ಹೇಳಿದೆ. ಮಂಡ್ಯದ ಬಸ್ಸು ಕಣ್ಣೆದುರೇ ಹೋಯಿತು. ನನ್ನ ಎಣಿಕೆ ತಪ್ಪಿದ್ದರೆ? ಅರ್ಧ ದಿನ ಹಾಳು ಮಾಡಿದ್ದೇನೆ, ಲಾರಿಯನ್ನೂ ಗೊತ್ತು ಮಾಡಿಲ್ಲ. ನಾಳೆ ಬೆಳಗ್ಗೆ ದನ ಕಟ್ಟಿಕೊಂಡು ನಿಂತವರ ಮುಂದೆ ಡಾಕ್ಟರು ಕೈ ಚೆಲ್ಲಿ ನಿಂತರೆ ಅದಕ್ಕೆ ನಾನೇ ಹೊಣೆ.

ದೀಪ ಹಚ್ಚುವ ಹೊತ್ತಿಗೆ ಹೇಳದೆ ಕೇಳದೆ ಮನೆಯೊಳಗೆ ಕಾಲಿಟ್ಟೆ.

ಫ್ರಿಜ್ಜಿನ ನೆತ್ತಿಯಿಂದ ನೆಲದವರೆಗೆ ಕರಿಯ ಕಂಬಳಿ ಇಳಿಬಿಟ್ಟಿತ್ತು. ಒಂದಂಚು ಗೋಡೆಯ ಗೂಟಕ್ಕೆ, ಇನ್ನೊಂದಂಚು ಫ್ರಿಜ್ಜಿನ ಮೇಲೆ ಒರಳುಗುಂಡಿನ ಕೆಳಗೆ. ಹಿಂದಿನ ಸಂದಿಯೆಲ್ಲ ಗುಡಾರ ಹಾಕಿದಂತೆ ಮುಚ್ಚಿಹೋಗಿತ್ತು. ಮುಂದಿನಿಂದ ನೋಡಿದವರಿಗೆ ಧೂಳಿಗೆ ಬಟ್ಟೆ ಹೊದಿಸಿದ್ದಾರೆ ಅನ್ನಿಸಬೇಕು, ಅಷ್ಟೇ. ಕಂಪ್ರೆಸರು ಒಳಗೆ ಏದುಸಿರು ಬಿಡುತ್ತಿತ್ತು. ಕಂಬಳಿಯ ಒಳಗೆ ಕೈ ತೂರಿಸಿದೆ. ಮೇಲೆ ಸುಡುವಂಥ ಬಿಸಿ.

"ಅಯ್ಯಯ್ಯೋ! ಅತ್ರ ಬರ್ಬ್ಯಾಡಿ ಸಾಬ್ರೇ! ದೂರ ನಿಂತ್ಕಳಿ!" ಚಿಕ್ಕತಾಯಮ್ಮ ಅಡುಗೆಮನೆಯಿಂದ ಓಡಿ ಬಂದರು.

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. "ಯಾಕಮ್ಮ? ನನ್ನ ನೆರಳು ಬಿದ್ರೆ ಮೈಲಿಗೆ ಆಯ್ತದಾ?"

ಆಕೆ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು. "ನಿಮ್ ನೆರ್ಳಾ? ಸಿವ ಸಿವಾ! ಯಾರ್ ಅಂದೋರು ಅಂಗೆ? ಮೊಟ್ಟೆ ಕಣಪ್ಪಾ, ಉಳದ ಮೊಟ್ಟೆ. ಒರ್ಗಿನೋರ ಕಣ್ಗೆ ಬೀಳಿಸ್ಬಾರ್ದು. ನಿಮ್ಗಲ್ಲ, ಯಾರ್ಗೂ ತೋರ್ಸಕ್ಕಿಲ್ಲ. ಡಾಕ್ಟ್ರಪ್ಪಂಗೂ ತೋರ್ಸಿಲ್ಲ. ನನ್ ತಂಗಿ ಬಂದ್ರೂ ಒಳೀಕ್ ಬುಡಕ್ಕಿಲ್ಲ."

ಎಷ್ಟೋ ಮನೆಯ ಹೊಸಿಲು ಹತ್ತಿಳಿದ ನಾನು ಅಲ್ಲಿ ಪೆಚ್ಚಾಗಿ ನಿಂತೆ. ನಗು ಬಂತೋ ಅಳು ಬಂತೋ ಹೇಳಲಾರೆ. ಎದೆಯ ಮೇಲಿನ ಯಾವುದೋ ಭಾರ ಇಳಿದದ್ದಂತೂ ನಿಜ.

ರೇಷ್ಮೆ ಸಾಕುವವರಿಗೆ ಇದು ಗೊತ್ತಿರುತ್ತದೆ. ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಹಾಳೆಯನ್ನು ತಂದು ಹದವಾದ ಕಾವಿನಲ್ಲಿ, ತೇವದಲ್ಲಿ ಇಟ್ಟು ಕಾಯಬೇಕು. ಮರಿ ಒಡೆಯುವ ಮುಂಚೆ ಕತ್ತಲಲ್ಲಿಡಬೇಕು, ಆಗ ಎಲ್ಲ ಒಟ್ಟಿಗೆ ಒಡೆಯುತ್ತವೆ. ಹೊರಗಿನವರು ನೋಡಿದರೆ ದೃಷ್ಟಿಯಾಗುತ್ತದೆ, ಬೆಳೆ ಕೆಡುತ್ತದೆ ಎಂಬ ನಂಬಿಕೆ. ಹಿಂದಿನ ಚಳಿಗಾಲದಲ್ಲಿ ಒಲೆಯ ಪಕ್ಕ ಇಟ್ಟ ಮೊಟ್ಟೆ ಹೊಗೆಗೆ ಹಾಳಾಗಿತ್ತಂತೆ. ಈ ಸಲ ಚಿಕ್ಕತಾಯಮ್ಮನಿಗೆ ಫ್ರಿಜ್ಜಿನ ಬೆನ್ನು ಸಿಕ್ಕಿತು.

"ಕೋಳಿ ಕಾವು ಕೊಟ್ಟಂಗೆ ಬೆಚ್ಗದೆ ಸಾಬ್ರೆ. ಒಗೆ ಇಲ್ಲ, ಮಸಿ ಇಲ್ಲ. ಗೂಡ್ನಾಗೆ ಮಡಗಿ, ಕೆಳಗೆ ಒದ್ದೆ ಗೋಣಿ ಆಕಿ, ಕಂಬ್ಳಿ ಮುಚ್ಚಿದೆ. ನೀವ್ ಬತ್ತೀರಿ ಅಂದ್ರೆ ಎಲ್ಲಾ ತೆಗ್ದ್ ಒಳೀಕ್ ಇಟ್ಕತಿದ್ದೆ. ಪೆಟ್ಗೇಗೆ ಏನಾಯ್ತದೆ ಅದ್ರಿಂದ? ಅದು ಮುಂದ್ಗಡೆ ತಂಪು, ಇಂದ್ಗಡೆ ಬಿಸಿ, ಅಲ್ವಾ?"

ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಬಿಸಿ ಗಾಳಿ ಮೇಲೇರಿ ಕಂಬಳಿಯ ಕೆಳಗೆ ನಿಲ್ಲುತ್ತಿತ್ತು, ತಳದ ಗೂಡಿನಲ್ಲಿ ಹದವಾದ ಕಾವು. ಮೊಟ್ಟೆಗೆ ಅದಕ್ಕಿಂತ ಒಳ್ಳೆಯ ಜಾಗ ಮಳವಳ್ಳಿಯಲ್ಲೇ ಇರಲಿಲ್ಲ. ಆದರೆ ಹಿಂದಿನ ಬಿಸಿ ಹೊರಗೆ ಹೋಗದಿದ್ದರೆ ಮುಂದಿನ ತಂಪು ಹುಟ್ಟುವುದಿಲ್ಲ. ಕೆಳಗೆ ಕೂತು ಅದನ್ನು ಹೇಳಿದೆ. "ಅಮ್ಮ, ಈ ಕಂಬಳಿ ಇರೋವರ್ಗೂ ಡಾಕ್ಟ್ರಿಗೆ ಐಸಿಲ್ಲ. ಐಸಿಲ್ದೆ ಲಸಿಕೆ ಇಲ್ಲ."

ಚಿಕ್ಕತಾಯಮ್ಮ ನನ್ನನ್ನೇ ನೋಡಿದರು. ನನಗೆ ಅವರ ಮುಖ ಈಗಲೂ ಕಣ್ಣ ಮುಂದಿದೆ. "ಅಂಗಾರೆ ಸಿವಮ್ಮನ ಎತ್ಗೆ ನಾನೇ ಅಡ್ಡ ನಿಂತಿದ್ನಾ?" ಎಂದರು.

ಅವರೇ ಎದ್ದು ಕಂಬಳಿಯನ್ನು ಒಂದೇ ಎಳೆತಕ್ಕೆ ಕಿತ್ತು ಬಿಸಾಡಿದರು. ಆಮೇಲೆ ಗೂಡಿನ ಮುಂದೆ ಕೂತು ಅತ್ತರು. ಕರಿ ಬಟ್ಟೆಯಲ್ಲಿ ಸುತ್ತಿದ ಹಾಳೆ ಅವರ ಮಡಿಲಲ್ಲಿತ್ತು. "ಕಣ್ಬುಟ್ಟವೆ ಸಾಬ್ರೆ, ಮೊಟ್ಟೆ ಮ್ಯಾಲೆ ಕರೀ ಚುಕ್ಕೆ ಬಂದವೆ, ಇವತ್ತೋ ನಾಳೆಯೋ ಒಡೀತವೆ. ಈಗ ಚಳೀಗ್ ಬಿದ್ರೆ ಎಲ್ಲಾ ಓದಂಗೇ. ಓಗ್ಲಿ ಬುಡಿ, ಎತ್ತು ಉಳೀಲಿ."

ಅಷ್ಟರಲ್ಲಿ ಡಾಕ್ಟರು ಬಂದರು. ವಿಷಯ ಕೇಳಿ ಅವರ ಮುಖ ಕೆಂಪೇರಿತು. "ಅಮ್ಮಾ, ದನ ಸಾಯ್ತಾ ಇದಾವೆ ಅಲ್ಲಿ!" ಎಂದು ಕೂಗಿಯೇಬಿಟ್ಟರು. ಆಕೆ ತಲೆ ಎತ್ತಲಿಲ್ಲ. ಡಾಕ್ಟರು ಆಕೆಯ ಮಡಿಲಿನ ಕಡೆ ನೋಡಿದರು. ಗೋಡೆಗೊರಗಿ ಕೂತರು. "ಬೆನ್ನಿಗೆ ಕಂಬಳಿ ಇದ್ದದ್ದು ನೋಡಿದ್ದೆ ರಹೀಮ್. ಧೂಳಿಗೆ ಅಂದ್ಕೊಂಡೆ" ಎಂದರು.

ಮೊಟ್ಟೆಯನ್ನು ಹಾಗೆ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ತಂಪು ಮಾಡುವ ಕಸುಬಿನವನು ಬೆಚ್ಚಗೆ ಮಾಡಲಾರನೇ? ಡಾಕ್ಟರ ಔಷಧಿ ಬಂದಿದ್ದ ಮರದ ಪೆಟ್ಟಿಗೆ ತಂದೆ. ಒಳಗೆ ನಲವತ್ತು ಕ್ಯಾಂಡಲಿನ, ಅಂದರೆ ನಲವತ್ತು ವಾಟಿನ ಬಲ್ಬು ಕಟ್ಟಿದೆ. ಬೆಳಕು ಬಿದ್ದರೆ ಮೊಟ್ಟೆ ಹೆಚ್ಚುಕಡಿಮೆಯಾಗಿ ಒಡೆಯುತ್ತವೆ ಎಂದು ಚಿಕ್ಕತಾಯಮ್ಮ ತಡೆದರು. ಸರಿ, ಬಲ್ಬಿನ ಮೇಲೆ ಖಾಲಿ ವನಸ್ಪತಿ ಡಬ್ಬ ಬೋರಲು ಹಾಕಿದೆ. ಬೆಳಕು ಡಬ್ಬದೊಳಗೆ, ಬಿಸಿ ಮಾತ್ರ ಹೊರಗೆ. ಪಕ್ಕದಲ್ಲಿ ಒದ್ದೆ ಗೋಣಿ, ಬಾಗಿಲಿಗೆ ಅದೇ ಕರಿಯ ಕಂಬಳಿ. ನನ್ನ ಥರ್ಮಾಮೀಟರು ತೂಗುಹಾಕಿದರೆ ಆಕೆ ಅದನ್ನು ನಂಬಲಿಲ್ಲ. ಹಿಂಗೈಯನ್ನು ಒಳಗಿಟ್ಟು ನೋಡಿ, ಕಂಬಳಿಯ ಸಂದು ವಸಿ ಹೆಚ್ಚಿಸಿ, ವಸಿ ಇಳಿಸಿ, ಕೊನೆಗೆ "ಊಂ" ಎಂದರು.

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಗಾಗುತ್ತಲೇ ಮೂವರೂ ಫ್ರಿಜ್ಜಿನ ಮುಂದೆ ನಿಂತಿದ್ದೆವು. ಬಾಗಿಲು ತೆಗೆಯಲು ಡಾಕ್ಟರಿಗೆ ಧೈರ್ಯ ಬರಲಿಲ್ಲ, ನನಗೆ ಕಣ್ಸನ್ನೆ ಮಾಡಿದರು. ತೆಗೆದು ಟ್ರೇ ಎಳೆದೆ, ಬರಲಿಲ್ಲ. ಫ್ರೀಜರಿನ ತಳಕ್ಕೆ ಬೆಸೆದಂತೆ ಅಂಟಿಕೊಂಡಿತ್ತು. ಟ್ರೇ ಬರಲಿಲ್ಲವೆಂದು ನನ್ನ ಆಯುಷ್ಯದಲ್ಲೇ ಅಷ್ಟು ಸಂತೋಷಪಟ್ಟದ್ದು ಅದೊಂದು ದಿನ. ಉಗುರು ಬೆಚ್ಚಗಿನ ನೀರು ಸುರಿದು ಬಿಡಿಸಿ ಐಸು ಒಡೆದು ಫ್ಲಾಸ್ಕು ತುಂಬಿಸಿದೆವು. ನಂಬಿಕೆ ಹೋಗಿದ್ದ ಬಾಟಲಿಗಳನ್ನು ಡಾಕ್ಟರು ಮುಟ್ಟಲಿಲ್ಲ. ಅದರಿಂದಾಗಿ ಅವತ್ತು ಒಂದೇ ಊರಿಗೆ ಸಾಕಾಗುವಷ್ಟು ಲಸಿಕೆ. ಅವರು ಶಿವಮ್ಮನ ಊರಿನ ದಾರಿ ಹಿಡಿದರು. ಇನ್ನೊಂದು ಊರಿಗೆ ಲಸಿಕೆ ಬೆಂಗಳೂರಿನಿಂದ ಬರಬೇಕಾಯಿತು.

ಅವರ ಮೋಟಾರ್ ಸೈಕಲ್ಲಿನ ಸದ್ದು ಅಡಗಿದ ಮೇಲೆ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. "ಸಾಬ್ರೇ, ವಸಿ ಬನ್ನಿ ಇಲ್ಲಿ" ಎಂದು ಚಿಕ್ಕತಾಯಮ್ಮ ಕರೆದರು. ಮರದ ಪೆಟ್ಟಿಗೆಯ ಕಂಬಳಿ ಸರಿಸಿ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ಅದರ ತುಂಬ ಕೂದಲ ಚೂರಿನಂಥ ಕಪ್ಪು ಮರಿಗಳು ಮಿಸುಕಾಡುತ್ತಿದ್ದವು. ನಾನು ಎರಡು ಹೆಜ್ಜೆ ದೂರವೇ ನಿಂತೆ. "ಅತ್ರ ಬನ್ನಿ, ನಿಮ್ ಕಣ್ಣು ಏನೂ ಮಾಡಕ್ಕಿಲ್ಲ" ಎಂದರು.

ಸಂಜೆ ಡಾಕ್ಟರು ತಂದ ಸುದ್ದಿ ಅಷ್ಟು ಒಳ್ಳೆಯದಿರಲಿಲ್ಲ. ಶಿವಮ್ಮನ ಒಂದು ಎತ್ತು ಹಿಂದಿನ ದಿನವೇ ಹೋಗಿತ್ತು. ಇನ್ನೊಂದು ಎತ್ತಿಗೂ ಹಸುವಿಗೂ ಲಸಿಕೆ ಹಾಕಿದ್ದರು, ಅವು ಉಳಿದವು ಎಂದು ಆಮೇಲೆ ತಿಳಿಯಿತು. ಸತ್ತ ಎತ್ತಿಗೆ ರೋಗ ಮೊದಲೇ ತಗುಲಿತ್ತು, ಲಸಿಕೆ ವಾರ ಮುಂಚೆ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಚಿಕ್ಕತಾಯಮ್ಮನಿಗೆ ಹೇಳಿದರಂತೆ. ಅದು ನಿಜವೋ, ಆಕೆಯ ಸಮಾಧಾನಕ್ಕೆ ಹೇಳಿದ್ದೋ ನಾನು ಅವರನ್ನು ಯಾವತ್ತೂ ಕೇಳಲಿಲ್ಲ. ಆಕೆಯೂ ಎರಡನೇ ಸಲ ಕೇಳಲಿಲ್ಲವಂತೆ.

ಆಮೇಲೆ ಬಹಳ ವರ್ಷ ಈ ಕಸುಬು ಮಾಡಿದೆ. ಫ್ರಿಜ್ಜುಗಳು ಮನೆಮನೆಗೂ ಬಂದವು, ಗ್ಯಾಸು ಬದಲಾಯಿತು, ಟಾರ್ಚಿನ ಹಸಿರು ಉರಿಯ ಜಾಗಕ್ಕೆ ಕೀ ಕೀ ಎನ್ನುವ ಮೀಟರು ಬಂತು. ಆದರೆ ಒಂದು ರೂಢಿಯನ್ನು ನಾನು ಬಿಡಲಿಲ್ಲ. ನಮ್ಮ ಜನ ಮೆಕ್ಯಾನಿಕ್ ಬರುತ್ತಾನೆಂದರೆ ಮನೆಗೆ ನೆಂಟ ಬಂದಂತೆ ಎಲ್ಲ ಒಪ್ಪ ಮಾಡಿಬಿಡುತ್ತಾರೆ. ಒಣಹಾಕಿದ ಬಟ್ಟೆ, ಸಂದಿಗೆ ತುರುಕಿದ ಮೊರ, ದೃಷ್ಟಿಯಾಗುವಂಥದ್ದು, ನಾಚಿಕೆಯಾಗುವಂಥದ್ದು ಎಲ್ಲ ಒಳಗೆ ಹೋಗುತ್ತದೆ. ಮೆಷಿನ್ನಿನ ರೋಗವೂ ಅದರ ಜೊತೆಗೇ ಒಳಗೆ ಹೋಗಿ ಕೂರುತ್ತದೆ. ಹಾಗಾಗಿ ನಾನು ಪೆಟ್ಟಿಗೆ ಬಿಚ್ಚುವ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಾನು ಬರ್ತೀನಿ ಅಂತ ಇಲ್ಲಿಂದ ಏನೇನು ತೆಗೆದಿರಿ?" ಇದನ್ನು ಕೇಳುವಾಗ ನನ್ನ ಅಭಿಮಾನವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕೆಂದೂ ಆ ಮನೆಯಲ್ಲೇ ಕಲಿತೆ.

ಡಾಕ್ಟರಿಗೆ ವರ್ಗವಾಗಿ ಫ್ರಿಜ್ಜು ಅವರ ಜೊತೆ ಹೋಗುವವರೆಗೂ ನಾನು ಆಗಾಗ ಆ ಮನೆಗೆ ಹೋಗುತ್ತಿದ್ದೆ. ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಜಗಲಿಯಿಂದಲೇ ಚಿಕ್ಕತಾಯಮ್ಮನ ಕೂಗು ಕೇಳುತ್ತಿತ್ತು:

"ಬನ್ನಿ ಸಾಬ್ರೇ, ಏನೂ ತೆಗ್ದಿಲ್ಲ. ಎಲ್ಲಾ ಇದ್ದಂಗೇ ಅದೆ, ಒಳೀಕ್ ಬಂದು ನೋಡಿ."